ಮನೆಯಲ್ಲೇ ಬಿಯರ್ ತಯಾರಿಸುವ ಆರಂಭಿಕ ಕಿಟ್: ಪಾತ್ರೆಗೆ ಮೆಚ್ಚುಗೆ, ಸೂಚನಾ ಹಾಳೆಗೆ ತಕರಾರು

ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸಕ್ಕೆ ಹೊಸದಾಗಿ ಕೈಹಾಕುವವರಿಗೆಂದು ಮಾರುವ ಆರಂಭಿಕ ಕಿಟ್‌ಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಮೇಲಿನ ಚಿತ್ರ, ಡಬ್ಬಿಯ ಬಣ್ಣ, ಹಣೆಪಟ್ಟಿಯ ಮೇಲಿನ ಹೆಸರು ಬೇರೆಯಾಗಿರಬಹುದು. ಒಳಗಿನ ಸಾಮಾನುಗಳೂ ಅವುಗಳ ಜೊತೆಗೆ ಬರುವ ಸೂಚನಾ ಹಾಳೆಯೂ ಹೆಚ್ಚು ಕಡಿಮೆ ಒಂದೇ. ನಾನು ಇಲ್ಲಿ ಪರಿಶೀಲಿಸುತ್ತಿರುವುದು ಒಂದು ಸಲಕ್ಕೆ 23 ಲೀಟರ್ ಬಿಯರ್ ಸಿದ್ಧವಾಗುವಂತೆ ಜೋಡಿಸಿರುವ ಇಂಥದೊಂದು ಕಿಟ್ಟನ್ನು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನನ್ನ ಮೆಚ್ಚುಗೆಯಾಗಲಿ ತಕರಾರಾಗಲಿ ಒಂದು ಕಂಪನಿಗಿಂತ ಹೆಚ್ಚಾಗಿ ಈ ಬಗೆಯ ಕಿಟ್ಟಿಗೇ ಅನ್ವಯಿಸುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪೆಟ್ಟಿಗೆಯಲ್ಲಿರುವ ಪಾತ್ರೆ ಪರಿಕರಗಳು ಕೊಟ್ಟ ಹಣಕ್ಕೆ ಮೋಸವಿಲ್ಲದಂಥವು, ಆದರೆ ಅವುಗಳ ಜೊತೆಗಿರುವ ಹಾಳೆಯಲ್ಲಿ ಬರೆದಂತೆಯೇ ನಡೆದುಕೊಂಡರೆ ಬರುವ ಬಿಯರನ್ನು ನೋಡಿ ಹಲವರು ಈ ಹವ್ಯಾಸವೇ ಬೇಡವೆಂದು ಕೈಬಿಟ್ಟಾರು.

ಇನ್ನೊಂದು ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ ಎಲ್ಲ ಕಡೆಯೂ ಅನುಮತಿ ಇಲ್ಲ. ಇರುವಲ್ಲಿಯೂ ಪ್ರಮಾಣ, ವಯಸ್ಸು, ಮಾರಾಟ ಇವುಗಳಿಗೆ ಸಂಬಂಧಿಸಿದ ಕಟ್ಟಳೆಗಳಿವೆ. ತಾವಿರುವ ಊರಿನ ಕಾನೂನನ್ನು ತಿಳಿದುಕೊಂಡ ಮೇಲೆಯೇ ಕಿಟ್ಟಿಗೆ ಹಣ ಹಾಕುವುದು ಲೇಸು.

ಪೆಟ್ಟಿಗೆಯೊಳಗೆ 30 ಲೀಟರ್ ಹಿಡಿಯುವ, ಆಹಾರ ಪದಾರ್ಥಕ್ಕೆ ಯೋಗ್ಯವಾದ ಪ್ಲಾಸ್ಟಿಕ್‌ನ ಫರ್ಮೆಂಟರ್ (ಬಿಯರ್ ಹುದುಗುವ ಪಾತ್ರೆ), ಅದಕ್ಕೆ ಮುಚ್ಚಳ, ಕೆಳಗೆ ನಲ್ಲಿ, ಮೇಲೆ ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಏರ್‌ಲಾಕ್, ಹೊರಮೈಗೆ ಅಂಟಿಸುವ ತಾಪಮಾನದ ಪಟ್ಟಿ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮತ್ತು ಅದನ್ನು ತೇಲಿಬಿಡಲು ಉದ್ದನೆಯ ಜಾಡಿ, ಬಾಟಲಿ ತುಂಬುವ ಕೊಳವೆ, ಬಿರಡೆ ಒತ್ತುವ ಸಾಧನ, ಒಂದು ಬ್ಯಾಚಿಗೆ ಸಾಲುವಷ್ಟು ಲೋಹದ ಬಿರಡೆಗಳು, ಶುಚಿಗೊಳಿಸುವ ಪುಡಿಯ ಪೊಟ್ಟಣ, 1.7 ಕಿಲೋಗ್ರಾಂ ತೂಕದ ಮಾಲ್ಟ್ ಸಾರದ ಡಬ್ಬಿ ಮತ್ತು ಆ ಡಬ್ಬಿಯ ಮುಚ್ಚಳದ ಕೆಳಗೆ ಒಂದು ಸಣ್ಣ ಪೊಟ್ಟಣ ಯೀಸ್ಟ್ ಇರುತ್ತವೆ. ಬಾಟಲಿಗಳು ಇರುವುದಿಲ್ಲ. 23 ಲೀಟರ್ ಬಿಯರಿಗೆ ಅರ್ಧ ಲೀಟರಿನ ಬಾಟಲಿಗಳು 40ಕ್ಕೂ ಮಿಕ್ಕಿ ಬೇಕಾಗುತ್ತವೆ. ‘ಬೇಕಾದುದೆಲ್ಲ ಒಳಗಿದೆ’ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದವರು ಬಾಟಲಿಗಳ ವಿಷಯವನ್ನು ಒಂದು ಬದಿಯಲ್ಲಿ ಸಣ್ಣಕ್ಷರದಲ್ಲಾದರೂ ನಮೂದಿಸಬೇಕಿತ್ತು.

ಫರ್ಮೆಂಟರಿನ ಬಗ್ಗೆ ನನಗೆ ದೂರು ಕಡಿಮೆ. 23 ಲೀಟರಿಗೆ 30 ಲೀಟರಿನ ಪಾತ್ರೆ ಕೊಟ್ಟಿರುವುದು ವಿವೇಕದ ನಿರ್ಧಾರ. ಯೀಸ್ಟ್ ಚುರುಕಾದ ಎರಡನೆಯ ದಿನ ದ್ರವದ ಮೇಲೆ ದಪ್ಪಗೆ ಕಂದು ಬಿಳುಪಿನ ನೊರೆ ಎದ್ದು ನಿಲ್ಲಬಹುದು. ಆ ನೊರೆಗೆ ಜಾಗವಿಲ್ಲದಿದ್ದರೆ ಅದು ಏರ್‌ಲಾಕಿನ ಮೂಲಕ ಹೊರಕ್ಕೆ ಉಕ್ಕುತ್ತದೆ. ಗೋಡೆ ಅರೆಪಾರದರ್ಶಕವಾಗಿರುವುದರಿಂದ ಮುಚ್ಚಳ ತೆರೆಯದೆಯೇ ನೊರೆ ಎಲ್ಲಿಯವರೆಗೆ ಬಂದಿದೆ, ತಳದಲ್ಲಿ ಗಷ್ಟು ಎಷ್ಟು ಕೂತಿದೆ ಎಂಬುದು ಕಾಣುತ್ತದೆ. ಬದಿಯಲ್ಲಿ ಮೂಡಿಸಿರುವ ಲೀಟರ್ ಗೆರೆಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ಅಳತೆಯ ಪಾತ್ರೆಯಿಂದ ನೀರು ಹಾಕಿ ನೋಡಿದಾಗ ನನ್ನ ಫರ್ಮೆಂಟರಿನ 23ರ ಗೆರೆ ಸುಮಾರು ಅರ್ಧ ಲೀಟರ್ ಮೇಲಿತ್ತು. ಇದು ಬಿಯರನ್ನು ಕೆಡಿಸುವ ದೋಷವಲ್ಲ. ಆದರೆ ಸಾಂದ್ರತೆಯ ಲೆಕ್ಕ ತಾಳೆಯಾಗದಿದ್ದಾಗ ಕಾರಣ ಹುಡುಕುತ್ತ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಒಮ್ಮೆ ಅಳೆದು, ಹೊರಮೈಯಲ್ಲಿ ಅಳಿಸದ ಶಾಯಿಯಿಂದ ಸರಿಯಾದ ಗೆರೆ ಎಳೆದುಕೊಂಡರೆ ಆ ತೊಡಕು ಮುಗಿಯಿತು.

ಪ್ಲಾಸ್ಟಿಕ್ ಪಾತ್ರೆಯ ನಿಜವಾದ ದೌರ್ಬಲ್ಯ ಅದರ ಒಳಮೈಯಲ್ಲಿ ಬೀಳುವ ಗೀರುಗಳು. ಒರಟು ನಾರಿನಿಂದ ಉಜ್ಜಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳೇಳುತ್ತವೆ. ಅವುಗಳೊಳಗೆ ಅಡಗಿದ ಬ್ಯಾಕ್ಟೀರಿಯಾ ಮತ್ತು ಕಾಡು ಯೀಸ್ಟನ್ನು ಯಾವ ಶುಚಿಕಾರಕವೂ ಸುಲಭವಾಗಿ ಮುಟ್ಟಲಾರದು. ಮೆತ್ತನೆಯ ಬಟ್ಟೆ, ಬಿಸಿನೀರು ಮತ್ತು ನೆನೆಸುವ ತಾಳ್ಮೆ ಇಷ್ಟಿದ್ದರೆ ಪಾತ್ರೆ ಬಹುಕಾಲ ಬಾಳುತ್ತದೆ.

ಇನ್ನು ನಲ್ಲಿ. ಕಿಟ್ಟಿನ ಸಾಮಾನುಗಳಲ್ಲಿ ಅತ್ಯಂತ ಅನುಕೂಲದ ವಸ್ತುವೂ ಅದೇ, ಅತ್ಯಂತ ಅಪಾಯದ ವಸ್ತುವೂ ಅದೇ. ನಲ್ಲಿ ಇರುವುದರಿಂದ ಕೊಳವೆಯಲ್ಲಿ ಬಾಯಿಂದ ಹೀರಿ ದ್ರವವನ್ನು ಇಳಿಸುವ ಕಷ್ಟವಿಲ್ಲ, ಪರೀಕ್ಷೆಗೆ ಬೇಕಾದ ಮಾದರಿಯನ್ನು ಮುಚ್ಚಳ ತೆರೆಯದೆ ತೆಗೆದುಕೊಳ್ಳಬಹುದು. ಆದರೆ ಸೂಚನಾ ಹಾಳೆ ನಲ್ಲಿಯನ್ನು ‘ಬಿಸಿನೀರಿನಲ್ಲಿ ತೊಳೆಯಿರಿ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತದೆ. ಫರ್ಮೆಂಟರಿನಿಂದ ನಲ್ಲಿಯನ್ನು ತಿರುಗಿಸಿ ಬಿಚ್ಚಿ, ಅದರ ತಿರುಪು ಹಿಡಿಯನ್ನು ಕೆಳಗಿನಿಂದ ಹೆಬ್ಬೆರಳಿನಲ್ಲಿ ಬಲವಾಗಿ ಒತ್ತಿದರೆ ಒಳಗಿನ ಉರುಳೆ ಟಪಕ್ಕನೆ ಹೊರಬರುತ್ತದೆ. ಒಂದು ಬ್ಯಾಚ್ ಮುಗಿದ ಮೇಲೆ ಆ ಉರುಳೆಯ ಸುತ್ತ ಬೆರಳಾಡಿಸಿ ನೋಡಬೇಕು: ಹೊರಗಿನಿಂದ ಹೊಳೆಯುವ ನಲ್ಲಿಯ ಒಳಗೆ ಜಿಗುಟಾದ ಕಂದು ಪೊರೆ ಕೂತಿರುತ್ತದೆ, ಹುಳಿವಾಸನೆಯೂ ಇರುತ್ತದೆ. ಮುಂದಿನ ಸಲದ ಬಿಯರೆಲ್ಲವೂ ಬಾಟಲಿಗೆ ಹೋಗುವುದು ಆ ಪೊರೆಯನ್ನು ತಾಗಿಕೊಂಡೇ. ಬಾಟಲಿಯಲ್ಲಿ ವಾರಗಳ ಮೇಲೆ ಹುಳಿಯೇರುವ, ಅಗತ್ಯಕ್ಕಿಂತ ಹೆಚ್ಚು ನೊರೆಯುಕ್ಕುವ ಬಿಯರಿನ ಮೂಲವನ್ನು ಹುಡುಕುವಾಗ ಮೊದಲು ನೋಡಬೇಕಾದ ಜಾಗಗಳಲ್ಲಿ ಇದೊಂದು. ಹಾಳೆಯಲ್ಲಿ ಉರುಳೆ ಬಿಚ್ಚುವ ಒಂದು ಚಿತ್ರ ಹಾಕಿದ್ದರೆ ಸಾಕಿತ್ತು.

ಶುಚಿತ್ವದ ವಿಷಯದಲ್ಲಿ ಕಿಟ್ ಮಾಡಿರುವ ಇನ್ನೊಂದು ಅಚಾತುರ್ಯವೆಂದರೆ ತೊಳೆಯುವುದನ್ನೂ ಸೂಕ್ಷ್ಮಜೀವಿಗಳನ್ನು ಕೊಲ್ಲುವುದನ್ನೂ ಒಂದೇ ಪುಡಿಗೆ ವಹಿಸಿರುವುದು. ಕೊಟ್ಟಿರುವ ಪುಡಿ ಸೋಡಿಯಂ ಪರ್‌ಕಾರ್ಬೊನೇಟ್ ಆಧಾರಿತವಾದದ್ದು; ಒಣಗಿದ ನೊರೆ ಮತ್ತು ಗಷ್ಟನ್ನು ಬಿಡಿಸಲು ಅದಕ್ಕೆ ಸಮಾನವಾದದ್ದು ಕಡಿಮೆ. ಆದರೆ ತೊಳೆದ ಬಳಿಕ ಪ್ರತ್ಯೇಕವಾಗಿ ಸ್ಯಾನಿಟೈಸರ್ ಬಳಸುವುದೇ ಅನುಭವಿಗಳ ಕ್ರಮ. ಸ್ಟಾರ್ ಸ್ಯಾನ್‌ನಂಥ ಫಾಸ್ಫಾರಿಕ್ ಆಮ್ಲದ ದ್ರಾವಣವನ್ನು ಲೀಟರಿಗೆ ಸುಮಾರು 1.5 ಮಿಲಿಲೀಟರಿನಂತೆ ಬೆರೆಸಿಕೊಂಡು ಪಾತ್ರೆಯ ಒಳಮೈ ಪೂರ್ತಿ ಒದ್ದೆಯಾಗುವಂತೆ ಆಡಿಸಿ ಚೆಲ್ಲಿದರೆ ಮತ್ತೆ ನೀರಿನಲ್ಲಿ ಜಾಲಿಸಬೇಕಾಗಿಲ್ಲ. ಉಳಿದ ನೊರೆಯಿಂದ ಬಿಯರಿಗೆ ತೊಂದರೆಯಿಲ್ಲ. ಕೊಳೆಯ ಮೇಲೆ ಸ್ಯಾನಿಟೈಸರ್ ಹಾಕಿದರೆ ಅದು ಕೊಳೆಯ ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ ಎಂಬ ಒಂದು ವಾಕ್ಯವನ್ನು ಹೊಸಬರಿಗೆ ಯಾರಾದರೂ ಹೇಳಲೇಬೇಕು, ಹಾಳೆ ಹೇಳುವುದಿಲ್ಲ.

ಈಗ ಡಬ್ಬಿಯ ವಿಷಯಕ್ಕೆ ಬರೋಣ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಅದರ ಪಿಷ್ಟ ಸಕ್ಕರೆಯಾದ ಮೇಲೆ ಆ ಸಿಹಿ ದ್ರವವನ್ನು, ಎಂದರೆ ವರ್ಟನ್ನು, ಕಹಿಯನ್ನೂ ಸುವಾಸನೆಯನ್ನೂ ಕೊಡುವ ಹಾಪ್ಸ್ ಹೂಗಳ ಜೊತೆ ಕುದಿಸಿ, ನೀರಿನಂಶವನ್ನು ಇಳಿಸಿ ಜೇನಿನಷ್ಟು ಗಟ್ಟಿ ಮಾಡಿದರೆ ಈ ಸಾರ ಸಿಗುತ್ತದೆ. ಬಿಯರ್ ತಯಾರಿಕೆಯ ಅತ್ಯಂತ ಹೆಚ್ಚು ಹೊತ್ತು ಹಿಡಿಯುವ ಭಾಗವನ್ನು ಕಾರ್ಖಾನೆಯೇ ಮುಗಿಸಿಕೊಟ್ಟಿರುತ್ತದೆ. ಕೊಂಡವರು ಅದನ್ನು ಒಂದೆರಡು ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ತಣ್ಣೀರು ಸೇರಿಸಿ, ಯೀಸ್ಟ್ ಉದುರಿಸಿದರೆ ಆಯಿತು. ಇದನ್ನು ಸೋಮಾರಿಗಳ ದಾರಿಯೆಂದು ಮೂಗು ಮುರಿಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಹುದುಗುವಿಕೆಯನ್ನು ಕಲಿಯುವ ಮೊದಲು ಕಾಳು ಅರೆಯುವುದನ್ನು ಕಲಿತು ಪ್ರಯೋಜನವಿಲ್ಲ. ನನ್ನ ಆಕ್ಷೇಪ ಡಬ್ಬಿಯ ಬಗ್ಗೆಯಲ್ಲ, ಅದರ ಜೊತೆಗೆ ಒಂದು ಕಿಲೋಗ್ರಾಂ ಸಕ್ಕರೆ ಸೇರಿಸಿರೆಂಬ ಸೂಚನೆಯ ಬಗ್ಗೆ.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. 1.7 ಕಿಲೋಗ್ರಾಂ ಮಾಲ್ಟ್ ಸಾರವನ್ನು 23 ಲೀಟರಿಗೆ ಬೆರೆಸಿದರೆ ನೀರಿನ ಸಾಪೇಕ್ಷ ಸಾಂದ್ರತೆ 1.000ರಿಂದ ಸುಮಾರು 1.022ಕ್ಕೆ ಏರುತ್ತದೆ. ಒಂದು ಕಿಲೋಗ್ರಾಂ ಸಕ್ಕರೆ ಅದಕ್ಕೆ ಇನ್ನೂ 16 ಅಥವಾ 17 ಅಂಶಗಳನ್ನು (ಒಂದು ಅಂಶವೆಂದರೆ 0.001) ಕೂಡಿಸಿ 1.039ರ ಹತ್ತಿರಕ್ಕೆ ಒಯ್ಯುತ್ತದೆ. ಎಂದರೆ ಯೀಸ್ಟಿಗೆ ಸಿಗುವ ಆಹಾರದಲ್ಲಿ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಬರೀ ಸಕ್ಕರೆ. ಮಾಲ್ಟಿನ ಸಕ್ಕರೆಗಳಲ್ಲಿ ಸುಮಾರು ಮುಕ್ಕಾಲು ಭಾಗವನ್ನಷ್ಟೇ ಯೀಸ್ಟ್ ತಿನ್ನುತ್ತದೆ; ತಿನ್ನದೆ ಬಿಟ್ಟ ಡೆಕ್ಸ್‌ಟ್ರಿನ್‌ಗಳೂ ಮಾಲ್ಟಿನ ಪ್ರೋಟೀನ್‌ಗಳೂ ಸೇರಿ ಬಿಯರಿಗೆ ಬಾಯಲ್ಲಿ ತೂಕವನ್ನೂ ಲೋಟದಲ್ಲಿ ನಿಲ್ಲುವ ನೊರೆಯನ್ನೂ ಕೊಡುತ್ತವೆ. ಸಕ್ಕರೆಯಾದರೋ ಪೂರ್ತಿ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿಹೋಗುತ್ತದೆ, ಹಿಂದೆ ಏನನ್ನೂ ಉಳಿಸುವುದಿಲ್ಲ. ಆದ್ದರಿಂದ ಹಾಳೆಯ ಪ್ರಕಾರ ತಯಾರಾದ ಬಿಯರಿನಲ್ಲಿ ಮದ್ಯಸಾರ ಶೇಕಡಾ 4.5ರ ಆಸುಪಾಸಿನಲ್ಲಿದ್ದರೂ ರುಚಿ ತೆಳ್ಳಗಿರುತ್ತದೆ, ನೊರೆ ಸುರಿದ ನಿಮಿಷದಲ್ಲೇ ಇಳಿದುಹೋಗುತ್ತದೆ. ಸಕ್ಕರೆಯ ಬದಲು ಅಷ್ಟೇ ತೂಕದ ಒಣ ಮಾಲ್ಟ್ ಸಾರದ ಪುಡಿಯನ್ನು ಹಾಕಿದರೆ ಆರಂಭದ ಸಾಂದ್ರತೆ ಹೆಚ್ಚು ಕಡಿಮೆ ಅಷ್ಟೇ ಇದ್ದು, ಹುದುಗುವಿಕೆ 1.010ರ ಹತ್ತಿರ ನಿಲ್ಲುತ್ತದೆ, ಮದ್ಯಸಾರ ಶೇಕಡಾ 3.7ರಷ್ಟಕ್ಕೆ ಇಳಿಯುತ್ತದೆ. ಅಮಲಿನ ಅಂಕಿಯಲ್ಲಿ ಸ್ವಲ್ಪ ಕಳೆದುಕೊಂಡು ಬಿಯರನ್ನು ಪಡೆಯುವ ಈ ವಿನಿಮಯವನ್ನು ನಾನು ಯಾವತ್ತೂ ಒಪ್ಪುತ್ತೇನೆ. ಪುಡಿ ದುಬಾರಿ, ಸಕ್ಕರೆ ಅಗ್ಗ ಎಂಬುದೇ ಹಾಳೆಯ ಸಲಹೆಗೆ ಕಾರಣವೆಂದು ಊಹಿಸಬಲ್ಲೆ. ಆದರೂ ಎರಡು ದಾರಿಗಳನ್ನೂ ಬರೆದು ಆಯ್ಕೆಯನ್ನು ಕೊಂಡವರಿಗೇ ಬಿಡಬಹುದಿತ್ತು.

ನೀರಿನ ಬಗ್ಗೆ ಹಾಳೆಯಲ್ಲಿರುವುದು ‘ಕುಡಿಯುವ ನೀರು’ ಎಂಬ ಎರಡು ಪದಗಳು ಮಾತ್ರ. ನಲ್ಲಿ ನೀರಿನಲ್ಲಿ ಕ್ಲೋರಿನ್ ಅಥವಾ ಕ್ಲೋರಮೈನ್ ಇದ್ದರೆ ಅದು ಮಾಲ್ಟಿನ ಫೀನಾಲ್‌ಗಳೊಡನೆ ಕೂಡಿ ಕ್ಲೋರೋಫೀನಾಲ್ ಆಗುತ್ತದೆ. ಬಿಯರಿನಲ್ಲಿ ಗಾಯಕ್ಕೆ ಹಚ್ಚುವ ಔಷಧದ ವಾಸನೆ ಬರುವುದು ಇದರಿಂದ. ಕ್ಯಾಂಪ್ಡೆನ್ ಮಾತ್ರೆ ಎಂದು ಸಿಗುವ ಮೆಟಾಬೈಸಲ್ಫೈಟ್ ಅರ್ಧ ಮಾತ್ರೆಯನ್ನು ಪುಡಿಮಾಡಿ ಒಂದು ಬ್ಯಾಚಿನ ನೀರಿಗೆ ಹಾಕಿದರೆ ನಿಮಿಷಗಳಲ್ಲಿ ಎರಡೂ ತಟಸ್ಥವಾಗುತ್ತವೆ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನ ತಕರಾರಿರುವುದು ಯೀಸ್ಟ್ ಮತ್ತು ತಾಪಮಾನದ ವಿಷಯದಲ್ಲಿ. ಬವೇರಿಯಾದ 1516ರ ಪ್ರಸಿದ್ಧ ಶಾಸನ ಬಿಯರಿಗೆ ಬಾರ್ಲಿ, ಹಾಪ್ಸ್ ಮತ್ತು ನೀರು ಇಷ್ಟನ್ನೇ ಹೆಸರಿಸಿತ್ತು; ಯೀಸ್ಟ್ ಅದರಲ್ಲಿ ಇರಲಿಲ್ಲ, ಏಕೆಂದರೆ ಅದೊಂದು ಜೀವಿ ಎಂಬ ಅರಿವು ಆಗಿನ್ನೂ ಇರಲಿಲ್ಲ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸೆನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿ ತೋರಿಸಿದ ಮೇಲೆ ಯಾವ ತಳಿ, ಯಾವ ತಾಪಮಾನ ಎಂಬುದು ಬಿಯರ್ ತಯಾರಕರ ಮುಖ್ಯ ನಿರ್ಧಾರವಾಯಿತು. ಇಷ್ಟಾಗಿಯೂ ಈ ಕಿಟ್ಟಿನ ಪೊಟ್ಟಣದ ಮೇಲೆ ತಳಿಯ ಹೆಸರಿಲ್ಲ. ಡಬ್ಬಿಯ ಮೇಲೆ ‘ಲಾಗರ್’ ಎಂದಿದೆ, ಹಾಳೆಯಲ್ಲಿ 21ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗಿಸಿರೆಂದು ಹೇಳಿದೆ. ಲಾಗರ್ ಯೀಸ್ಟ್ ಸಾಮಾನ್ಯವಾಗಿ ಕೆಲಸ ಮಾಡುವುದು 9ರಿಂದ 14 ಡಿಗ್ರಿಯ ತಂಪಿನಲ್ಲಿ. ಆದ್ದರಿಂದ ಒಳಗಿರುವುದು ಏಲ್ ಎಂಬ, ಬೆಚ್ಚಗಿನಲ್ಲಿ ಹುದುಗುವ ಬಗೆಯ ಬಿಯರಿನ ಯೀಸ್ಟೇ ಎಂದು ನಾವೇ ತಿಳಿದುಕೊಳ್ಳಬೇಕು. ಏಲ್ ಯೀಸ್ಟಿಗಾದರೂ 27 ಡಿಗ್ರಿ ಹೆಚ್ಚು. ಬಹುತೇಕ ಏಲ್ ತಳಿಗಳು 18ರಿಂದ 20 ಡಿಗ್ರಿಯಲ್ಲಿ ಸ್ವಚ್ಛವಾದ ಬಿಯರ್ ಕೊಡುತ್ತವೆ. ಅದಕ್ಕಿಂತ ಬಹಳ ಬಿಸಿಯಾದರೆ ಅವು ಹೆಚ್ಚಿನ ತೂಕದ ಮದ್ಯಸಾರಗಳನ್ನೂ ಎಸ್ಟರ್‌ಗಳನ್ನೂ ಮಿತಿಮೀರಿ ಹೊರಬಿಟ್ಟು, ಗಂಟಲಲ್ಲಿ ಉರಿಯನ್ನೂ ಮೂಗಿಗೆ ಉಗುರಿನ ಬಣ್ಣದಂಥ ವಾಸನೆಯನ್ನೂ ತರುತ್ತವೆ.

ಇದರ ಮೇಲೆ ಇನ್ನೊಂದು ಸಂಗತಿಯಿದೆ. ಹುದುಗುವಿಕೆಯೇ ಶಾಖವನ್ನು ಹುಟ್ಟಿಸುತ್ತದೆ. ಯೀಸ್ಟ್ ಭರಾಟೆಯಲ್ಲಿರುವ ಮೊದಲ ಎರಡು ಮೂರು ದಿನಗಳಲ್ಲಿ ಫರ್ಮೆಂಟರಿನ ಒಳಗಿನ ತಾಪಮಾನ ಕೋಣೆಯದಕ್ಕಿಂತ 2ರಿಂದ 5 ಡಿಗ್ರಿಗಳಷ್ಟು ಮೇಲಿರುವುದು ಸಾಮಾನ್ಯ. ಕೋಣೆ 25 ಡಿಗ್ರಿ ಇದೆ, ಹಾಳೆಯ ಮಿತಿಯೊಳಗೇ ಇದ್ದೇನೆ ಎಂದುಕೊಂಡವರ ಬಿಯರ್ 29ರಲ್ಲಿ ಹುದುಗುತ್ತಿರುತ್ತದೆ. ಬಿಯರಿನ ರುಚಿಯ ಬಹುಪಾಲು ತೀರ್ಮಾನವಾಗುವುದು ಆ ಎರಡು ಮೂರು ದಿನಗಳಲ್ಲೇ. ಆಮೇಲೆ ತಂಪು ಮಾಡಿ ಲಾಭವಿಲ್ಲ. ಹೊರಮೈಗೆ ಅಂಟಿಸುವ ತಾಪಮಾನದ ಪಟ್ಟಿಯನ್ನು ಕಿಟ್ಟಿನಲ್ಲಿ ಕೊಟ್ಟಿರುವುದಕ್ಕೆ ತಯಾರಕರನ್ನು ಮೆಚ್ಚಬೇಕು, ಏಕೆಂದರೆ ಅದು ಕೋಣೆಯದಕ್ಕಿಂತ ಪಾತ್ರೆಯದೇ ತಾಪಮಾನವನ್ನು ಸಾಕಷ್ಟು ಹತ್ತಿರವಾಗಿ ತೋರಿಸುತ್ತದೆ. ಅದು ತೋರಿಸಿದ ಅಂಕಿಯನ್ನು ಕೆಳಗಿಳಿಸುವುದು ಹೇಗೆಂಬುದನ್ನು ಮಾತ್ರ ಎಲ್ಲೂ ಹೇಳಿಲ್ಲ. ಫರ್ಮೆಂಟರನ್ನು ನೀರು ತುಂಬಿದ ಅಗಲವಾದ ಟಬ್ಬಿನಲ್ಲಿಟ್ಟು, ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನು ಬೆಳಗ್ಗೆ ಸಂಜೆ ಬದಲಾಯಿಸುತ್ತ ಹೋದರೆ ಹಲವು ಡಿಗ್ರಿಗಳಷ್ಟು ಇಳಿಸಬಹುದು. ಸುತ್ತ ಒದ್ದೆಬಟ್ಟೆ ಹೊದಿಸಿ ಅದರ ಅಂಚು ನೀರಿನಲ್ಲಿ ಮುಳುಗಿರುವಂತೆ ಬಿಟ್ಟರೆ ಇನ್ನೂ ಒಳ್ಳೆಯದು. ಈ ಹವ್ಯಾಸ ಹಿಡಿಸಿತೆಂದಾದರೆ ಹಳೆಯ ಫ್ರಿಜ್ ಒಂದಕ್ಕೆ ತಾಪಮಾನ ನಿಯಂತ್ರಕ ಜೋಡಿಸಿಕೊಳ್ಳುವುದು ಹೊಳೆಯುವ ಸ್ಟೀಲ್ ಪಾತ್ರೆಗಳನ್ನು ಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಪೊಟ್ಟಣದಲ್ಲಿರುವ ಯೀಸ್ಟಿನ ಪ್ರಮಾಣವೂ ಕಡಿಮೆಯೇ. 5 ಗ್ರಾಂ ಒಣ ಯೀಸ್ಟಿನಿಂದ 23 ಲೀಟರ್ ಹುದುಗದೆ ಇರುವುದಿಲ್ಲ, ಆದರೆ ಅದು ನಿಧಾನವಾಗಿ ಏಳುತ್ತದೆ, ಆ ಅವಧಿಯಲ್ಲಿ ಬೇಡದ ಜೀವಿಗಳಿಗೆ ಅವಕಾಶ ಸಿಗುತ್ತದೆ. ಡಬ್ಬಿಯ ಜೊತೆಗೇ ಗೋದಾಮಿನ ಬಿಸಿಯಲ್ಲಿ ಎಷ್ಟು ತಿಂಗಳು ಕಳೆದಿದೆಯೋ ಎಂಬ ಸಂಶಯ ಬೇರೆ. ಸೇಫೇಲ್ ಯುಎಸ್-05 ಅಥವಾ ಎಸ್-04 ತಳಿಯ 11.5 ಗ್ರಾಂ ಪೊಟ್ಟಣವೊಂದನ್ನು ಬೇರೆಯಾಗಿ ಕೊಂಡು ಫ್ರಿಜ್ಜಿನಲ್ಲಿಟ್ಟುಕೊಂಡು ಬಳಸಿದರೆ ವ್ಯತ್ಯಾಸ ಮರುದಿನವೇ ಕಾಣುತ್ತದೆ. ಮೊದಲನೆಯದು ತನ್ನ ರುಚಿಯನ್ನು ಹೇರದೆ ಮಾಲ್ಟ್ ಮತ್ತು ಹಾಪ್ಸನ್ನು ಮುಂದೆ ಬಿಡುತ್ತದೆ. ಎರಡನೆಯದು ಇಂಗ್ಲಿಷ್ ಏಲಿನ ಹಣ್ಣಿನ ಛಾಯೆ ಕೊಟ್ಟು, ಕೆಲಸ ಮುಗಿದ ಮೇಲೆ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಯೀಸ್ಟ್ ಉದುರಿಸುವ ಮೊದಲು ವರ್ಟನ್ನು ಚೆನ್ನಾಗಿ ಕಲಕಿ ಗಾಳಿ ಸೇರಿಸಬಹುದು. ಉದುರಿಸಿ ಹುದುಗುವಿಕೆ ಶುರುವಾದ ಮೇಲೆ ಗಾಳಿ ತಾಗಿಸಬಾರದು.

ಹೈಡ್ರೋಮೀಟರ್ ಈ ಕಿಟ್ಟಿನ ಅತ್ಯುತ್ತಮ ವಸ್ತು. ತೆಳುಗಾಜಿನ ಕೊಳವೆ, ಕೆಳತುದಿಯಲ್ಲಿ ಭಾರ, ಒಳಗೆ ಕಾಗದದ ಅಳತೆಪಟ್ಟಿ; 20 ಡಿಗ್ರಿಯ ಬಟ್ಟಿಯಿಳಿಸಿದ ನೀರಿನಲ್ಲಿ ತೇಲಿಬಿಟ್ಟಾಗ ನನ್ನದು ಕೂದಲೆಳೆಯಷ್ಟೂ ತಪ್ಪದೆ 1.000ವನ್ನೇ ತೋರಿಸಿತು. ಮಾದರಿಯನ್ನು ಜಾಡಿಗೆ ತುಂಬಿದ ಮೇಲೆ ಕೊಳವೆಯನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ಬಿಡಬೇಕು, ಅಂಟಿಕೊಂಡ ಗುಳ್ಳೆಗಳು ಬಿಟ್ಟುಹೋಗುತ್ತವೆ. ಇಲ್ಲದಿದ್ದರೆ ಗುಳ್ಳೆಗಳು ಅದನ್ನು ಮೇಲೆತ್ತಿ ಅಂಕಿಯನ್ನು ಹೆಚ್ಚಾಗಿ ತೋರಿಸುತ್ತವೆ. ಗಾಜಿನ ಸುತ್ತ ದ್ರವ ಅಂಚು ಕಟ್ಟಿ ಏರಿರುತ್ತದೆ, ಓದಬೇಕಾದುದು ಆ ಏರಿನ ತುದಿಯನ್ನಲ್ಲ, ಸಮತಟ್ಟಾದ ಮೇಲ್ಮೈಯನ್ನು. ಮಾದರಿ 30 ಡಿಗ್ರಿಯಷ್ಟು ಬೆಚ್ಚಗಿದ್ದರೆ ಓದಿಗೆ ಎರಡೂವರೆ ಅಂಶ ಕೂಡಿಸಿಕೊಳ್ಳಬೇಕು. ಆರಂಭದ ಅಂಕಿಯಿಂದ ಕೊನೆಯ ಅಂಕಿಯನ್ನು ಕಳೆದು 131ರಿಂದ ಗುಣಿಸಿದರೆ ಮದ್ಯಸಾರದ ಶೇಕಡಾವಾರು ಪ್ರಮಾಣ ಸುಮಾರಾಗಿ ಸಿಗುತ್ತದೆ. ಮಾದರಿಯನ್ನು ಮತ್ತೆ ಫರ್ಮೆಂಟರಿಗೆ ಸುರಿಯಬಾರದು. ಕುಡಿದು ನೋಡಬಹುದು, ಆ ಹಂತದ ರುಚಿಯಿಂದ ಕಲಿಯುವುದೂ ಇದೆ.

ಇಂಥ ಸಾಧನವನ್ನು ಕೊಟ್ಟ ಮೇಲೂ ಹಾಳೆ ಹೇಳುವುದೇನು? ‘4ರಿಂದ 6 ದಿನಗಳಲ್ಲಿ ಏರ್‌ಲಾಕಿನ ಗುಳ್ಳೆ ನಿಂತ ಮೇಲೆ ಬಾಟಲಿಗೆ ತುಂಬಿರಿ.’ ಇದು ಬರೀ ರುಚಿಯ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ. ಮುಚ್ಚಳದ ರಬ್ಬರ್ ಉಂಗುರ ಸ್ವಲ್ಪ ಸಡಿಲವಾಗಿದ್ದರೆ ಅನಿಲ ಅಲ್ಲಿಂದಲೇ ನುಸುಳುತ್ತದೆ. ಯೀಸ್ಟ್ ಭರದಿಂದ ಕೆಲಸ ಮಾಡುತ್ತಿರುವಾಗಲೂ ಏರ್‌ಲಾಕ್ ಸುಮ್ಮನಿರಬಹುದು. ನನ್ನ ಕಿಟ್ಟಿನ ಮುಚ್ಚಳ ಹಾಗೆಯೇ ಇದೆ. ಹುದುಗುವಿಕೆ ಮುಗಿಯದ ಬಿಯರನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಬಿರಡೆ ಹಾಕಿದರೆ, ಉಳಿದ ಸಕ್ಕರೆ ಒಳಗೇ ಹುದುಗಿ ಒತ್ತಡ ಏರಿ ಬಾಟಲಿ ಸಿಡಿಯುತ್ತದೆ, ಗಾಜಿನ ಚೂರುಗಳು ಕೋಣೆಯ ತುಂಬ ಹಾರುತ್ತವೆ. ಎರಡು ಮೂರು ದಿನಗಳ ಅಂತರದಲ್ಲಿ ಹೈಡ್ರೋಮೀಟರ್ ಒಂದೇ ಅಂಕಿಯನ್ನು, ಅದೂ ನಿರೀಕ್ಷಿಸಿದ ಕೊನೆಯ ಅಂಕಿಯ ಹತ್ತಿರದ ಅಂಕಿಯನ್ನು, ತೋರಿಸಿದ ಮೇಲೆಯೇ ಬಾಟಲಿಗೆ ಕೈಹಾಕಬೇಕು. ಒಟ್ಟು ಎರಡು ವಾರ ಬಿಟ್ಟರೆ ಇನ್ನೊಂದು ಲಾಭವೂ ಇದೆ: ಹಸಿ ಸೇಬಿನ ವಾಸನೆ ಕೊಡುವ ಅಸೆಟಾಲ್ಡಿಹೈಡ್ ಮತ್ತು ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್ ಇವೆರಡನ್ನೂ ಯೀಸ್ಟ್ ಕೊನೆಯ ದಿನಗಳಲ್ಲಿ ತಾನೇ ಹೀರಿಕೊಳ್ಳುತ್ತದೆ. ಆರು ದಿನಕ್ಕೇ ತುಂಬಿದವರು ಆ ಶುದ್ಧೀಕರಣವನ್ನು ಅರ್ಧಕ್ಕೇ ನಿಲ್ಲಿಸಿದಂತೆ.

ಬಾಟಲಿ ತುಂಬುವ ಕೊಳವೆ ಚೊಕ್ಕಟವಾಗಿ ಕೆಲಸ ಮಾಡುತ್ತದೆ. ತುದಿಯಲ್ಲಿರುವ ಸಣ್ಣ ಕವಾಟ ಬಾಟಲಿಯ ತಳಕ್ಕೆ ಒತ್ತಿದಾಗ ತೆರೆಯುತ್ತದೆ, ಎತ್ತಿದಾಗ ಮುಚ್ಚುತ್ತದೆ. ಬಿಯರ್ ಕೆಳಗಿನಿಂದ ಸದ್ದಿಲ್ಲದೆ ಏರುವುದರಿಂದ ಗಾಳಿ ಸೇರುವುದು ಕಡಿಮೆ. ಗಾಳಿ ಸೇರಿದ ಬಿಯರ್ ಕೆಲವೇ ವಾರಗಳಲ್ಲಿ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ. ಕೊಳವೆಯನ್ನು ಹೊರತೆಗೆದಾಗ ಉಳಿಯುವ ಖಾಲಿ ಜಾಗ ಬಾಟಲಿಯ ಕತ್ತಿನಲ್ಲಿ ಬೇಕಾದಷ್ಟೇ ಇರುತ್ತದೆ. ಬಿರಡೆ ಒತ್ತುವ ಸಾಧನದ ಎರಡು ಹಿಡಿಗಳ ಮೇಲೆ ಸಮನಾದ ಬಲ ಹಾಕಿದರೆ ಬಿರಡೆ ನೇರವಾಗಿ ಕೂರುತ್ತದೆ, ಆದರೆ ಕತ್ತಿನ ಕೆಳಗೆ ಹಿಡಿತಕ್ಕೆ ಉಬ್ಬು ಇಲ್ಲದ ಬಾಟಲಿಗಳಲ್ಲಿ ಅದು ಜಾರುತ್ತದೆ. ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ ಬಿರಡೆಯ ವಂಶಕ್ಕೇ ಸೇರಿದ 26 ಮಿಲಿಮೀಟರಿನ ಬಿರಡೆಗಳು ಇದರಲ್ಲಿವೆ; 29 ಮಿಲಿಮೀಟರ್ ಬಾಯಿಯ ದಪ್ಪ ಬಾಟಲಿಗಳಿಗೆ ಇವು ಆಗುವುದಿಲ್ಲ. ಬಾಟಲಿಗಳನ್ನು ಕೂಡಿಡುವಾಗ ಕಂದು ಬಣ್ಣದವನ್ನೇ ಆರಿಸಬೇಕು. ಬೆಳಕು ಬಿದ್ದರೆ ಹಾಪ್ಸಿನ ಕಹಿಯ ಅಂಶ ಒಡೆದು ದುರ್ವಾಸನೆಯ ಗಂಧಕದ ಸಂಯುಕ್ತವಾಗುತ್ತದೆ. ಹಸಿರು ಗಾಜು, ಬಣ್ಣವಿಲ್ಲದ ಗಾಜು ಅದನ್ನು ತಡೆಯಲಾರವು.

ಗ್ಯಾಸು ತುಂಬಲು ಹಾಳೆ ಸೂಚಿಸುವ ಕ್ರಮ ಬಾಟಲಿಗೊಂದು ಚಮಚ ಸಕ್ಕರೆ. ಚಮಚಗಳೆಲ್ಲ ಒಂದೇ ಅಳತೆಯವಲ್ಲ, ಹಾಕುವ ಕೈಯೂ ಒಂದೇ ಸಮನಲ್ಲ; ಪರಿಣಾಮವಾಗಿ ಒಂದು ಬಾಟಲಿ ಚಪ್ಪೆಯಾಗಿದ್ದರೆ ಪಕ್ಕದ್ದು ಚಿಮ್ಮುತ್ತದೆ. ಎಲ್ಲ ಬಿಯರನ್ನೂ ಸಕ್ಕರೆ ಪಾಕದೊಡನೆ ಒಟ್ಟಿಗೆ ಬೆರೆಸಲು ಎರಡನೆಯ ಪಾತ್ರೆ ಬೇಕು, ಕಿಟ್ಟಿನಲ್ಲಿ ಅದು ಇಲ್ಲ. ನಾನು ಅನುಸರಿಸುವ ದಾರಿ ಹೀಗೆ: 138 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಕರಗಿಸಿ, ದ್ರಾವಣದ ಒಟ್ಟು ಅಳತೆ 460 ಮಿಲಿಲೀಟರ್ ಆಗುವಂತೆ ನೀರು ಸೇರಿಸಿ ಆರಲು ಬಿಡುತ್ತೇನೆ, ಆಮೇಲೆ ಶುಚಿ ಮಾಡಿದ ಸಿರಿಂಜಿನಿಂದ ಅರ್ಧ ಲೀಟರಿನ ಪ್ರತಿ ಬಾಟಲಿಗೂ 10 ಮಿಲಿಲೀಟರ್ ಹಾಕುತ್ತೇನೆ. ಒಂದೊಂದರಲ್ಲಿ 3 ಗ್ರಾಂ, ಎಂದರೆ ಲೀಟರಿಗೆ 6 ಗ್ರಾಂ. ಏಲ್‌ಗೆ ಹದವಾದ ಪ್ರಮಾಣ ಇದು. ತುಂಬಿದ ಬಾಟಲಿಗಳು 20 ಡಿಗ್ರಿಯ ಆಸುಪಾಸಿನಲ್ಲಿ ಎರಡು ವಾರ ಇರಬೇಕು. ಒಂದು ಬಾಟಲಿಯನ್ನು ಮಾತ್ರ ಪ್ಲಾಸ್ಟಿಕ್ಕಿನದನ್ನಾಗಿ ಇಟ್ಟುಕೊಂಡರೆ ಉಳಿದವುಗಳ ಸ್ಥಿತಿ ಕೈಯಿಂದ ಒತ್ತಿಯೇ ತಿಳಿಯುತ್ತದೆ. ಅದು ಕಲ್ಲಿನಂತೆ ಗಟ್ಟಿಯಾದಾಗ ಗಾಜಿನವೂ ಸಿದ್ಧ.

ಒಂದೇ ಬಗೆಯ ಡಬ್ಬಿಯನ್ನು ಹಾಳೆಯ ಕ್ರಮದಲ್ಲೊಮ್ಮೆ, ಮೇಲೆ ಹೇಳಿದ ತಿದ್ದುಪಡಿಗಳೊಡನೆ ಇನ್ನೊಮ್ಮೆ ತಯಾರಿಸಿ ಎರಡು ಲೋಟಗಳಲ್ಲಿ ಪಕ್ಕಪಕ್ಕ ಸುರಿದಾಗ ಅವೆರಡೂ ಒಂದೇ ಡಬ್ಬಿಯವೆಂದು ನಂಬುವುದು ಕಷ್ಟವಾಗಿತ್ತು. ಮೊದಲನೆಯದರಲ್ಲಿ ಮೂಗಿಗೆ ಬಂದದ್ದು ಹಸಿ ಸೇಬು ಮತ್ತು ಮದ್ಯಸಾರದ ತೀಕ್ಷ್ಣತೆ, ನಾಲಿಗೆಗೆ ನೀರಿನಂಥ ತೆಳುವು, ಕಹಿ ಮಾತ್ರ ಒಂಟಿಯಾಗಿ ಹಿಂದೆ ಉಳಿಯಿತು. ಎರಡನೆಯದರಲ್ಲಿ ಹುರಿದ ಧಾನ್ಯದ ಮೆಲುವಾದ ಪರಿಮಳವಿತ್ತು, ಕಹಿ ಅದರೊಡನೆ ಬೆರೆತಿತ್ತು, ಕುಡಿದಂತೆಲ್ಲ ನೊರೆ ಲೋಟದ ಒಳಗೋಡೆಯಲ್ಲಿ ಬಳೆಗಳಂತೆ ಗುರುತು ಬಿಡುತ್ತ ಇಳಿಯಿತು. ಎರಡರಲ್ಲಿಯೂ ಹಾಪ್ಸಿನ ಸುವಾಸನೆ ಇರಲಿಲ್ಲವೆಂಬುದನ್ನು ಒಪ್ಪಲೇಬೇಕು. ಸಾರವನ್ನು ಗಟ್ಟಿ ಮಾಡುವಾಗ ಹಾಪ್ಸಿನ ಎಣ್ಣೆಗಳು ಆವಿಯಾಗಿ ಕಹಿ ಮಾತ್ರ ಉಳಿದಿರುತ್ತದೆ. ಹುದುಗುವಿಕೆ ಮುಗಿಯುವ ಹೊತ್ತಿಗೆ 30 ಗ್ರಾಂನಷ್ಟು ಕ್ಯಾಸ್ಕೇಡ್ ಹಾಪ್ಸ್ ಗುಳಿಗೆಗಳನ್ನು ಫರ್ಮೆಂಟರಿಗೆ ಹಾಕಿ ಮೂರು ದಿನ ಬಿಟ್ಟರೆ ನಿಂಬೆಜಾತಿಯ ಹಣ್ಣಿನ ಸಿಪ್ಪೆಯ ಪರಿಮಳ ಸೇರುತ್ತದೆ. ಅದಕ್ಕೆ ಕುದಿಸುವ ಶ್ರಮವೂ ಬೇಡ.

ಮಾಲ್ಟಿನ ಕಾಳಿನಿಂದಲೇ ಶುರುಮಾಡುವ ವಿದ್ಯುತ್ ಪಾತ್ರೆಗಳೂ ಈಗ ಸಿಗುತ್ತವೆ. ಅವುಗಳಲ್ಲಿ ಕಾಳನ್ನು 65 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ನೆನೆಸಿ, ಸೋಸಿ, ಮತ್ತೊಂದು ಗಂಟೆ ಕುದಿಸಿ, ತಣಿಸಿ ಮುಗಿಸುವಷ್ಟರಲ್ಲಿ ಒಂದು ದಿನವೇ ಕಳೆಯುತ್ತದೆ. ರುಚಿಯ ಮೇಲಿನ ಹಿಡಿತ ಮಾತ್ರ ಡಬ್ಬಿಯ ಬಿಯರಿಗಿಂತ ಬಹಳ ಹೆಚ್ಚು. ಅಂಥದಕ್ಕೆ ಹಾರುವ ಮುನ್ನ ಈ ಆರಂಭಿಕ ಕಿಟ್ಟಿನಲ್ಲಿ ತಾಪಮಾನ ಮತ್ತು ಶುಚಿತ್ವವನ್ನು ಪಳಗಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಸಲಹೆ, ಏಕೆಂದರೆ ಆ ಪಾತ್ರೆಯಲ್ಲಿ ತಯಾರಾದ ವರ್ಟ್ ಕೂಡ ಹುದುಗುವುದು ಇದೇ ಪ್ಲಾಸ್ಟಿಕ್ ಫರ್ಮೆಂಟರಿನಲ್ಲೇ.

ಕೊಳ್ಳುವವರು ಡಬ್ಬಿಯ ತಳದಲ್ಲಿ ಒತ್ತಿರುವ ದಿನಾಂಕವನ್ನು ಓದದೆ ಹಣ ಕೊಡಬಾರದು. ಹಳೆಯದಾದ ದ್ರವರೂಪದ ಸಾರ ಕಪ್ಪಾಗುತ್ತ, ಸುಟ್ಟ ಸಕ್ಕರೆಯಂಥ ಅಡ್ಡರುಚಿಗೆ ತಿರುಗುತ್ತದೆ, ಮತ್ತು ಅದನ್ನು ಯಾವ ಯೀಸ್ಟೂ ಸರಿಪಡಿಸುವುದಿಲ್ಲ. ನಲ್ಲಿ, ಮುಚ್ಚಳದ ರಬ್ಬರ್ ಉಂಗುರ ಮತ್ತು ಏರ್‌ಲಾಕಿನ ತೂತಿಗೆ ಹಾಕುವ ರಬ್ಬರ್ ಬೆಣೆ ಬಿಡಿಯಾಗಿ ಸಿಗುತ್ತವೆಯೇ ಎಂದು ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಬೇಕು; ಕಿಟ್ಟಿನಲ್ಲಿ ಬೇಗ ಸವೆಯುವವು ಅವೇ ಮೂರು, ಎರಡನೆಯ ಬ್ಯಾಚಿನಿಂದ ಮುಂದಕ್ಕೆ ಬೇಕಾಗುವುದು ಅವು, ಹೊಸ ಡಬ್ಬಿ, ಹೊಸ ಬಿರಡೆಗಳು ಮತ್ತು ಹೆಸರು ಬರೆದಿರುವ ಒಂದು ಪೊಟ್ಟಣ ಯೀಸ್ಟ್.